ಬಾವಿಗೆ ನೀರು

ತುಂಬಿದ ಬಕೆಟ್ಟು ಕೆಳಗಿಳಿಯುವಾಗ ಹಗ್ಗ ಭಾರ, ಮೇಲೆ ಬರುವಾಗ ಹಗುರ. ಇದನ್ನು ಕೈಗೆ ಕಲಿಸಲು ಅಕ್ಷಯಾಳಿಗೆ ನಾಲ್ಕು ದಿನ ಹಿಡಿದಿತ್ತು. ಆರು ವರ್ಷ ನೀರು ಸೇದಿದ ಕೈ ಅದು. ಬಾವಿಯೊಳಕ್ಕೆ ಹೋಗುವಾಗ ಹಗ್ಗವನ್ನು ಸಡಿಲ ಬಿಡುವುದು, ಮೇಲೆಳೆಯುವಾಗ ಮೈಯನ್ನು ಹಿಂದಕ್ಕೆ ವಾಲಿಸುವುದು, ಅದಕ್ಕೆ ಗೊತ್ತಿದ್ದದ್ದು ಇಷ್ಟೇ. ಈಗ ಎಲ್ಲ ತಿರುಗುಮುರುಗು. ಇಳಿಸುವಾಗ ಬಿಗಿಯಾಗಿ ಹಿಡಿಯದಿದ್ದರೆ ಬಕೆಟ್ಟು ಕಲ್ಲಿಗೆ ಬಡಿಯುತ್ತದೆ, ಹಜಾರದಲ್ಲಿ ಮಲಗಿರುವ ದೊಡ್ಡಪ್ಪನಿಗೆ ಎಚ್ಚರವಾಗುತ್ತದೆ. ತಗಡಿನ ಬಕೆಟ್ಟಿನ ತಳದ ಕೆಳಗೆ ಚಾಚಿದ ಅಂಚಿಗೆ ಮೊಳೆಯಿಂದ ತೂತು ಹೊಡೆದು ಒಂದು ಸೆಣಬಿನ ದಾರ ಕಟ್ಟಿದ್ದಳು. ಬಕೆಟ್ಟು ತಳ ಮುಟ್ಟುವುದಕ್ಕೆ ಒಂದು ಗೇಣಿದೆ ಅನ್ನುವಾಗ ಆ ದಾರವನ್ನು ಎಳೆದರೆ ಬಕೆಟ್ಟು ತಾನೇ ಬೋರಲಾಗುತ್ತದೆ. ಆಗ ಕೆಳಗಿನ ಕತ್ತಲೆಯಿಂದ ಬರುವ ಸದ್ದು, ಯಾರೋ ತುಂಬ ದೂರದಲ್ಲಿ ಮುಖ ತೊಳೆಯುವ ಸದ್ದಿನ ಹಾಗೆ. ರಾಟೆ ಕಿರುಗುಟ್ಟದಿರಲಿ ಎಂದು ಹರಳೆಣ್ಣೆ ಬಿಟ್ಟಿದ್ದಳು. ‘ರಾಟೆಗೆ ಎಣ್ಣೆ ಬಿಟ್ಟೆಯಾ? ಒಳ್ಳೇದಾಯ್ತು ಮಗಾ, ಹೇಳಿಸ್ಕೊಳ್ದೆ ಮಾಡೋದು ನಿನ್ನ ಗುಣ’ ಎಂದು ದೊಡ್ಡಪ್ಪ ಹೊಗಳಿದ್ದರು.

ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಅವಳ ಹೊತ್ತು. ಶಂಕರಪುರದ ಆ ಓಣಿಯಲ್ಲಿ ಹೆಂಚಿನ ಮನೆ ಅಂತ ಉಳಿದಿದ್ದದ್ದು ಅದೊಂದೇ. ಎರಡೂ ಕಡೆ ಮೂರು ಮೂರು ಮಹಡಿಯ ಮನೆಗಳು ಎದ್ದು, ನಡುವೆ ಇದು ಕೂತುಬಿಟ್ಟವರ ಹಾಗೆ ಕಾಣುತ್ತಿತ್ತು. ಹನ್ನೊಂದು ವರ್ಷದ ಕೆಳಗೆ ದೊಡ್ಡಪ್ಪ ಏಕಾಂತಯ್ಯನವರು ತರಗುಪೇಟೆಯ ತೊಗರಿಬೇಳೆ ಮಂಡಿಯ ಬಾಗಿಲು ಹಾಕಿ, ಎಷ್ಟು ಕಡಿಮೆಯಲ್ಲಿ ಬದುಕಬಹುದೋ ನೋಡೇಬಿಡೋಣ ಅಂದಿದ್ದರಂತೆ. ಮೊದಲು ಟಿವಿ ಹೋಯಿತು, ಆಮೇಲೆ ಫ್ರಿಜ್ಜು, ಮಿಕ್ಸಿ, ಗ್ಯಾಸು. ಕಡೆಗೆ ನಲ್ಲಿಯನ್ನೂ ತೆಗೆಸಿದರು. ಹಿತ್ತಲಲ್ಲಿ ಅವರ ಅಜ್ಜನ ಕಾಲದ ಬಾವಿ ಇತ್ತು, ಬಾವಿಯ ಸುತ್ತ ನುಗ್ಗೆ, ಬಾಳೆ, ದಂಟಿನ ಸೊಪ್ಪಿನ ಮಡಿ, ಒಲೆಗೆ ಕಟ್ಟಿಗೆ. ಅವರು ಸುಳ್ಳು ವೇಷದ ಮನುಷ್ಯರಲ್ಲ. ಎರಡು ಪಂಚೆ, ಎರಡು ಬನಿಯನ್ನು. ಚಪ್ಪಲಿಯ ಉಂಗುಷ್ಠ ಕಿತ್ತರೆ ತಾವೇ ಹೊಲಿದುಕೊಳ್ಳುವರು. ದೊಡ್ಡಮ್ಮನ ಕಣ್ಣಿನ ಆಪರೇಷನ್ನಿಗೆಂದು ಎರಡು ತಿಂಗಳ ಮಟ್ಟಿಗೆ ಬಂದಿದ್ದ ಅಕ್ಷಯಾ ಆರು ವರ್ಷ ಇಲ್ಲೇ ಉಳಿದದ್ದು ಯಾರೂ ‘ಇರು’ ಅಂದದ್ದರಿಂದಲ್ಲ, ಯಾರೂ ‘ಹೋಗು’ ಅನ್ನದ್ದರಿಂದ. ಈ ಎರಡರ ನಡುವಿನ ಅಂತರ ಎಷ್ಟೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಅಂತರದಲ್ಲೇ ಅವಳು ಚಾಪೆ ಹಾಸಿಕೊಳ್ಳುತ್ತಿದ್ದಳು.

ಶಿವರಾತ್ರಿಯಾಗಿ ಎಂಟು ದಿನಕ್ಕೆ ಬಿಂದಿಗೆಯಲ್ಲಿ ಕೆಸರು ಬಂದಿತ್ತು. ಆಚೆಮನೆಯವರೂ ಎದುರುಮನೆಯವರೂ ಬೋರ್‌ವೆಲ್ ಕೊರೆಸಿದ್ದ ವರ್ಷ ಅದು. ಅವಳು ನಿಂತು ನೋಡಿದಳು, ಬಗ್ಗಿ ನೋಡಿದಳು, ಆಮೇಲೆ ಕೆಸರಿನ ಬಿಂದಿಗೆಯನ್ನು ಬಾಳೆಯ ಬುಡಕ್ಕೆ ಚೆಲ್ಲಿ ತೊಳೆದಿಟ್ಟಳು. ಹಿಂದಿನ ಸಂಜೆಯಷ್ಟೇ ರಾಜಾಜಿನಗರದ ಮಗಳು ವಿಶಾಖಾ ಫೋನಿನಲ್ಲಿ ಅಪ್ಪನನ್ನು ಗದರಿಕೊಂಡಿದ್ದಳು. ‘ಈ ಬಾವಿ ಬತ್ತಿದ ದಿನ ನಾನೇ ಗಂಟು ಕಟ್ಕೊಂಡು ನಿನ್ನ ಮನೆಗೆ ಬರ್ತೀನಿ. ಅಲ್ಲೀವರೆಗೂ ಕರೀಬೇಡ’ ಎಂದು ದೊಡ್ಡಪ್ಪ ನಕ್ಕಿದ್ದರು. ಅವರು ಆಡಿದ ಮಾತನ್ನು ಮಾಡುವವರು. ನಲ್ಲಿಯನ್ನು ಹಾಗೇ ಅಲ್ಲವೇ ತೆಗೆಸಿದ್ದು. ಫೋನು ದೊಡ್ಡಮ್ಮನ ಕೈಗೆ ಬಂದಾಗ ಒಲೆಯ ಮುಂದೆ ಕೂತಿದ್ದ ಅಕ್ಷಯಾಳಿಗೂ ವಿಶಾಖಾಳ ಮಾತು ಸ್ಪಷ್ಟವಾಗಿ ಕೇಳಿಸಿತ್ತು. ‘ನಿಮ್ಮಿಬ್ರಿಗೂ ರೂಮ್ ರೆಡಿ ಇದೆ ಅಮ್ಮ. ಅಕ್ಷಯಂಗೆ ಎಲ್ಲಾದ್ರೂ ಒಂದು ಕೆಲ್ಸ ನೋಡೋಣ, ಪಿಜೀಲೋ ಗಿಜೀಲೋ ಇರ್ತಾಳೆ.’ ಅವಳು ಕಟ್ಟಿಗೆಯನ್ನು ಒಳಗೆ ನೂಕಿದ್ದಳು. ಹೊಗೆ ಬಂದಿತ್ತು, ಕಣ್ಣಲ್ಲಿ ನೀರು ಬರಲು ಅದೊಂದು ಅನುಕೂಲ.

ಹಿತ್ತಲಿನ ಗೋಡೆ ಮಳೆಗೆ ಕುಸಿದ ಜಾಗದಲ್ಲಿ ಒಬ್ಬರು ಅಡ್ಡಡ್ಡ ನುಸುಳಬಹುದಿತ್ತು. ಆಚೆ ತಿಮ್ಮಕ್ಕನ ಮನೆ. ಕೆಳಗೆ ತಾನು, ಮೇಲೆ ಎರಡು ಬಾಡಿಗೆ ಸಂಸಾರ, ನೆಲದಡಿ ದೊಡ್ಡ ಸಂಪು. ಮೊದಲ ದಿನ ಅಕ್ಷಯಾ ಎರಡು ಬಿಂದಿಗೆ ಹಿಡಿದು ನಿಂತು ಏನೂ ಹೇಳಲಾಗದೆ ನಲ್ಲಿಯನ್ನೇ ನೋಡುತ್ತಿದ್ದಾಗ, ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ತಿಮ್ಮಕ್ಕ, ‘ಏನೇ, ಮೂಗಿ ಥರ ನಿಂತಿದೀಯಾ? ನೀರ್ ಬೇಕಾ? ಬಾವಿ ಕೈ ಕೊಡ್ತಾ?’ ಎಂದಿದ್ದಳು.

‘ದೊಡ್ಡಪ್ಪಂಗೆ ಹೇಳ್ಬೇಡಿ ತಿಮ್ಮಕ್ಕ.’

‘ನಂಗೇನ್ ಬೇರೆ ಕೆಲ್ಸ ಇಲ್ವಾ? ಇಡ್ಕೋ. ಆದ್ರೆ ಒಂದು ಮಾತು ಕಣೆ, ಭಾನ್ವಾರ ಇದೇ ನಲ್ಲಿ ಕೆಳಗೇ ನಾನು ಕೋಳಿ ತೊಳ್ಯೋದು. ನಿಮ್ ಸಾವ್ಕಾರ್ರು ಇದ್ರಲ್ಲೇ ಲಿಂಗ ತೊಳೀಬೇಕು, ನೋಡ್ಕೊ!’ ಎಂದು ತಿಮ್ಮಕ್ಕ ಮೈ ಕುಲುಕಿಸಿ ನಕ್ಕಿದ್ದಳು. ಕೆಟ್ಟತನದ ನಗೆಯಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ಸುಮ್ಮನೆ ತೆಗೆದುಕೊಂಡು ಹೋಗಲು ಮನಸ್ಸು ಬಾರದೆ ಅಕ್ಷಯಾ ಅವತ್ತು ಅರ್ಧ ಗಂಟೆ ಕೂತು ಹುಣಸೆಬೀಜ ತೆಗೆದುಕೊಟ್ಟಳು. ಆಮೇಲೆ ಅದು ದಿನದ ವಾಡಿಕೆಯಾಯಿತು. ಮೇಲಿನ ಮನೆಯ ಬಾಡಿಗೆಯ ಹೆಂಗಸು ಇಳಿದು ಬಂದಾಗ ತಿಮ್ಮಕ್ಕ ‘ನಮ್ ಅಕ್ಷಯಾ’ ಎಂದು ಪರಿಚಯಿಸಿದಳು. ಆ ಹೆಂಗಸು, ‘ಸಂಜೆ ನಮ್ಮನೇಗೂ ಬರ್ತೀಯೇನಮ್ಮ, ಪಾತ್ರೆಗೆ?’ ಎಂದು ಕೇಳಿದಳು. ಇಲ್ಲ ಅನ್ನುವುದಕ್ಕೆ ಅಕ್ಷಯಾಳಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಆ ಹೆಂಗಸು ಹೂಂ ಎಂದೇ ತಿಳಿದು ಹೊರಟುಹೋಗಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಹೀಗೇ ಆಗಿತ್ತು. ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಳು, ಉತ್ತರ ಗೊತ್ತಿತ್ತು, ಬೆರಳುಗಳಿಗೂ ಗೊತ್ತಿತ್ತು, ಆದರೆ ಹಿಂದೆ ನಲವತ್ತೆರಡು ಜೊತೆ ಕಣ್ಣುಗಳಿದ್ದವು. ಮೇಡಂ ‘ಹೋಗಿ ಕೂತ್ಕೊ, ನಿಂಗೆ ಬರಲ್ಲ’ ಅಂದರು. ಅವಳಿಗೆ ಬರುತ್ತಿತ್ತು. ಬೇಸಿಗೆ ರಜೆ ಮುಗಿದ ಮೇಲೆ ಅವಳು ಶಾಲೆಗೆ ಹೋಗಲಿಲ್ಲ, ಯಾಕೆಂದು ತನ್ನ ಮನೆಯಲ್ಲಿ ಯಾರೂ ಕೇಳಲೂ ಇಲ್ಲ.

ಮನೆಯ ಬಳಕೆಯ ನೀರನ್ನು ನೇರ ಅಡುಗೆಮನೆಯ ಕೊಳಗಗಳಿಗೂ ಬಚ್ಚಲ ಹಂಡೆಗೂ ತುಂಬುವಳು. ನಾಲ್ಕು ಬಕೆಟ್ಟು ಮಾತ್ರ ಬಾವಿಗೆ. ಯಾಕೆಂದರೆ ದಿನವೂ ಬೆಳಗ್ಗೆ ಪೂಜೆಯ ನೀರನ್ನು ದೊಡ್ಡಪ್ಪ ಬಿಂದಿಗೆ ಇಳಿಸಿ ತಮ್ಮ ಕೈಯಾರೆ ಸೇದುತ್ತಿದ್ದರು. ನಾಲ್ಕು ಇಳಿಸಿದರೆ ಬೆಳಗಾಗುವುದರೊಳಗೆ ಎರಡು ಹೂಳಿಗೆ ಇಂಗಿ ಹೋಗುತ್ತಿತ್ತು, ಎರಡು ಉಳಿಯುತ್ತಿತ್ತು. ಅಡುಗೆಮನೆಯ ಕಿಟಕಿಯ ಹಿಂದೆ ನಿಂತು ಅವಳು ಹಗ್ಗದ ಸದ್ದು ಕೇಳುವಳು. ಹಗ್ಗ ಜಾರುತ್ತದೆ, ಜಾರುತ್ತದೆ, ನಿಲ್ಲುವುದೇ ಇಲ್ಲವೇನೋ ಅನಿಸುತ್ತದೆ, ಆಮೇಲೆ ನಿಲ್ಲುತ್ತದೆ. ‘ಇಳಿದಿದೆ. ಬೇಸಿಗೆ ಅಲ್ವಾ. ಆದ್ರೂ ಕೈ ಬಿಟ್ಟಿಲ್ಲ ನೋಡು ನಮ್ಮವ್ವ’ ಎಂದು ಬಾವಿಯ ಕಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವರು. ಹಣೆಗೆ ವಿಭೂತಿ ಬಳಿದು, ಎಡಗೈ ಮೇಲೆ ಲಿಂಗವಿಟ್ಟುಕೊಂಡು, ಆ ನೀರನ್ನು ಬಲಗೈಯಿಂದ ಹನಿ ಹನಿಯಾಗಿ ಬಿಡುವಾಗ ಅವರ ಮುಖ ಎಷ್ಟು ಶಾಂತವಾಗಿರುತ್ತಿತ್ತೆಂದರೆ ಅವಳು ನೋಟ ತಿರುಗಿಸಿಕೊಳ್ಳುತ್ತಿದ್ದಳು. ನೀರಿಗೆ ಮೈಲಿಗೆ ಉಂಟೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ದೊಡ್ಡಪ್ಪನನ್ನು ಕೇಳಿದರೆ ಇಲ್ಲ ಅಂತಲೇ ಹೇಳುವರು, ಅವರು ಅಂಥವರಲ್ಲ. ಅವಳನ್ನು ಕೊರೆಯುತ್ತಿದ್ದದ್ದು ಕೋಳಿಯಲ್ಲ. ಅವರು ಕೈಮುಗಿಯುತ್ತಿದ್ದದ್ದು ಬಾವಿಗೆ, ಆ ಕೈಮುಗಿದದ್ದನ್ನು ಕಿಟಕಿಯ ಹಿಂದೆ ನಿಂತು ತೆಗೆದುಕೊಳ್ಳುತ್ತಿದ್ದವಳು ತಾನು. ಒಮ್ಮೊಮ್ಮೆ, ನಾಚಿಕೆಯ ವಿಷಯ, ಅದರಿಂದ ಅವಳಿಗೆ ಸಂತೋಷವೂ ಆಗುತ್ತಿತ್ತು.

ದೊಡ್ಡಮ್ಮ ಮಹಾನಂದಮ್ಮನಿಗೆ ಗೊತ್ತಿತ್ತೋ ಏನೋ. ಯುಗಾದಿಯ ಮಾರನೆಯ ದಿನ ಬೇಳೆಯ ಪಾತ್ರೆಗೆ ಸೌಟು ಹಾಕಿ ತಿರುವುತ್ತ, ‘ಈಚೆಗೆ ಬೇಳೆ ಎಷ್ಟು ಬೇಗ ಬೇಯತ್ತೆ ಕಣೇ. ಹತ್ತು ವರ್ಷ ಈ ಗಡಸು ನೀರಲ್ಲಿ ಬೇಯಿಸಿ ಬೇಯಿಸಿ ನನ್ನ ಆಯಸ್ಸೇ ಹೋಯ್ತು. ಈಗ ನೋಡು, ಎರಡು ಕುದಿಗೆ ಬೆಣ್ಣೆ’ ಎಂದರು. ‘ಹೊಸ ಬೇಳೆ ಇರ್ಬೇಕು’ ಎಂದು ದೊಡ್ಡಮ್ಮ ತಾವೇ ಸೇರಿಸಿ, ಅವಳ ಮುಖವನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿ, ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜತೊಡಗಿದರು.

ಹೀಗೆ ಬದುಕುವ ಮನೆ ನೋಡಲು ಜನ ಬರುತ್ತಿದ್ದರು. ಏಕಾಂತಯ್ಯನವರು ಕರೆದವರಲ್ಲ, ಬಂದವರನ್ನು ಬೇಡ ಅಂದವರೂ ಅಲ್ಲ. ಏಪ್ರಿಲ್ ಮೊದಲ ಶನಿವಾರ ಆರು ಮಂದಿ ಬಂದರು. ಅದರಲ್ಲಿ ರಂಜಿನಿ ಎಂಬವಳು, ಅಕ್ಷಯಾಳ ವಯಸ್ಸಿನವಳೇ, ಒರಳು, ಹಂಡೆ, ಬೂದಿಯಲ್ಲಿ ಕಲಸಿಟ್ಟ ಅವರೆ ಬೀಜದ ಮಡಕೆ ಎಲ್ಲದರ ಫೋಟೋ ತೆಗೆದುಕೊಂಡಳು. ದೊಡ್ಡಪ್ಪ ಎಲ್ಲರಿಗೂ ತಾಮ್ರದ ಲೋಟದಲ್ಲಿ ನೀರು ಕೊಟ್ಟರು. ‘ಊರೆಲ್ಲ ನೀರಿಲ್ಲ ಅಂತ ಒದ್ದಾಡ್ತಿದೆ. ಇಲ್ಲಿ ನೋಡಿ. ಆಸೆ ಕಡಿಮೆ ಇದ್ರೆ ಭೂಮಿ ತಾನಾಗೇ ಕೊಡತ್ತೆ. ಕುಡೀರಿ, ಕುಡೀರಿ.’ ಅವರು ಕಣ್ಣು ಮುಚ್ಚಿ ಕುಡಿದರು. ‘ಎಷ್ಟು ಸಿಹಿಯಾಗಿದೆ!’ ಎಂದಳು ರಂಜಿನಿ. ತುಂಬಿದ ಬಿಂದಿಗೆ ಹೊತ್ತು ಅಡ್ಡ ಬಂದ ಅಕ್ಷಯಾಳನ್ನು ಕಂಡು, ‘ನೀವು ಇಲ್ಲಿ ವಾಲಂಟಿಯರಾ? ಏನ್ ಓದಿದೀರಾ?’ ಎಂದು ಕೇಳಿದಳು. ‘ನಮ್ಮ ಮಗು ಅದು. ಓದಿನ ಹಂಗಿಲ್ಲದೇ ಎಲ್ಲ ಬಲ್ಲವಳು’ ಎಂದು ದೊಡ್ಡಪ್ಪ ಹೆಮ್ಮೆಯಿಂದ ಉತ್ತರ ಕೊಟ್ಟರು. ರಂಜಿನಿ ಗೌರವದಿಂದ ತಲೆಯಾಡಿಸಿ ಅವಳ ಸೊಂಟದ ಮೇಲಿದ್ದ ಬಿಂದಿಗೆಯದ್ದೂ ಒಂದು ಫೋಟೋ ತೆಗೆದುಕೊಂಡಳು. ಮುಖ ಬಂತೋ ಇಲ್ಲವೋ ಅಕ್ಷಯಾಳಿಗೆ ತಿಳಿಯಲಿಲ್ಲ. ದೊಡ್ಡಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವರ ಬಾಯಲ್ಲಿ ಬರುವಾಗ ಅದು ನಿಜವೇ ಆಗಿತ್ತು. ಸುಳ್ಳೆಲ್ಲ ಅದಕ್ಕೆ ಮೊದಲೇ, ಮಧ್ಯಾಹ್ನದ ಹೊತ್ತಿನಲ್ಲಿ, ಹಗ್ಗಕ್ಕೂ ಸೆಣಬಿನ ದಾರಕ್ಕೂ ನಡುವೆ ಮುಗಿದುಹೋಗಿರುತ್ತಿತ್ತು.

ಮುಂದಿನ ವಾರ ಎಲ್ಲೋ ಪೈಪು ಒಡೆದು ಓಣಿಗೆ ನಲ್ಲಿನೀರು ಬರುವುದು ನಿಂತಿತು. ಶುಕ್ರವಾರ ತಿಮ್ಮಕ್ಕನ ಸಂಪು ತಳ ಕಂಡಿತು. ‘ಇವತ್ತಿಂದೇ ಕಡೇದು ಕಣೆ, ನಾಳೆಯಿಂದ ನಾನೇ ಯಾರ್ ಮನೆ ಬಾಗಿಲಿಗೆ ಹೋಗ್ಲಿ?’ ಎಂದು ತಿಮ್ಮಕ್ಕ ಎರಡು ಬಕೆಟ್ಟು ಕೊಟ್ಟಳು. ಎರಡನ್ನೂ ಅಕ್ಷಯಾ ಬಾವಿಗೇ ಇಳಿಸಿದಳು. ಅಡುಗೆಗೆ ಹಂಡೆಯ ತಳದ್ದನ್ನು ಸೋಸಿ ಬಳಸಿದಳು. ಭಾನುವಾರ ಬೆಳಗ್ಗೆ ದೊಡ್ಡಪ್ಪ ಸೇದಿದಾಗ ಬಿಂದಿಗೆ ಅರ್ಧವೂ ತುಂಬಿರಲಿಲ್ಲ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿದರು. ಪೂಜೆಗೆ ಅಷ್ಟು ಸಾಕು ಎಂಬಂತೆ ಮತ್ತೊಮ್ಮೆ ಇಳಿಸಲಿಲ್ಲ.

ಪೂಜೆ ಮುಗಿಸಿ ಅವರು ಗೇಟಿನ ಹತ್ತಿರ ಹೋಗಿ ನಿಂತದ್ದು ಒಂಬತ್ತು ಗಂಟೆಗೆ. ಓಣಿಯ ತುದಿಯಲ್ಲಿ ಹೆಂಗಸರು ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳನ್ನು ಸಾಲಿಗಿಟ್ಟು ಟ್ಯಾಂಕರಿಗೆ ಕಾಯುತ್ತಿದ್ದರು. ಒಳಗೆ ರಾಗಿ ಬೀಸುತ್ತಿದ್ದ ಅಕ್ಷಯಾಳಿಗೆ ದೊಡ್ಡಪ್ಪನ ದನಿ ಕೇಳಿಸಿತು. ‘ಯಾಕಮ್ಮ ಎಲ್ಲ ಬಿಸಿಲಲ್ಲಿ ನಿಂತಿದೀರಾ? ಬನ್ನಿ ಒಳಗೆ. ನಮ್ಮ ಬಾವಿ ಯಾಕಿದೆ? ತಿಮ್ಮಕ್ಕ, ಕರ್ಕೊಂಡ್ ಬಾಮ್ಮ ಎಲ್ಲರ್ನೂ.’

ಅವಳ ಕೈ ಬೀಸುವುದನ್ನು ನಿಲ್ಲಿಸಲಿಲ್ಲ. ಇನ್ನೆರಡು ಸುತ್ತು ತಾನೇ ತಿರುಗಿತು. ಆ ಎರಡು ಸುತ್ತಿನಲ್ಲಿ ಅವಳಿಗೆ ಎಲ್ಲ ಕಂಡಿತು: ಹೆಂಗಸರು ಬರುತ್ತಾರೆ, ದೊಡ್ಡಪ್ಪ ತಾವೇ ಹಗ್ಗ ಹಿಡಿಯುತ್ತಾರೆ, ಅಷ್ಟು ಜನರ ಮುಂದೆ ಕೆಸರು ಬರುತ್ತದೆ. ಅವರು ಯಾವತ್ತೂ ಯಾರಿಗೂ ಇಲ್ಲ ಅಂದವರಲ್ಲ. ಹಾಗೆ ಕೊಡುವುದಕ್ಕೆ ಏನಾದರೂ ಇದೆ ಅಂತ ನಂಬಿಸಿದವಳು ತಾನು. ಹಿಟ್ಟಿನ ಕೈಯಲ್ಲೇ ಎದ್ದು ಹಿತ್ತಲಿಗೆ ಓಡಿ ಬಾವಿಗೆ ಬೆನ್ನು ಕೊಟ್ಟು ನಿಂತಳು.

ಏಳೆಂಟು ಹೆಂಗಸರು ಬಂದರು. ತಿಮ್ಮಕ್ಕ ಎಲ್ಲರಿಗಿಂತ ಹಿಂದೆ, ಅವಳ ಬಿಂದಿಗೆ ಖಾಲಿ ಕೈಯಲ್ಲಿ ತೂಗಾಡುತ್ತಿತ್ತು. ‘ನಂಗೆ ಬೇಡ ಸಾವ್ಕಾರ್ರೇ. ಸೇದೋದು ಅಂದ್ರೆ ನನ್ ಮಂಡಿ ಒಪ್ಪಲ್ಲ. ಟ್ಯಾಂಕರ್ ಇನ್ನೇನ್ ಬಂದ್ಬಿಡತ್ತೆ, ನಡೀರೇ ಎಲ್ಲ, ಜಾಗ ಹೋಗತ್ತೆ’ ಎಂದಳು.

‘ನೀವ್ಯಾಕೆ ಸೇದ್ಬೇಕು, ನಾನಿಲ್ವಾ? ಮಗಾ, ಸರ್ಕೋ ಸ್ವಲ್ಪ.’

ಅಕ್ಷಯಾ ಸರಿಯಲಿಲ್ಲ. ‘ಬೇಡ ದೊಡ್ಡಪ್ಪ.’

‘ಏನ್ ಬೇಡ?’

‘ನೀರಿಲ್ಲ. ಬತ್ತಿ ಐವತ್ತು ದಿನ ಆಯ್ತು.’ ಅವಳ ದನಿ ಎಷ್ಟು ಜೋರಾಗಿ ಬಂತೆಂದರೆ ನುಗ್ಗೆಮರದ ಮೇಲಿನ ಕಾಗೆ ಎದ್ದುಹೋಯಿತು.

‘ಬೆಳಗ್ಗೆ ಸೇದಿದ್ನಲ್ಲೇ?’

‘ಅದು ನಾನು ಇಳ್ಸಿದ್ದು. ತಿಮ್ಮಕ್ಕೋರ ನಲ್ಲೀದು. ನೀವು ಮಲಗಿದಾಗ.’

ಮೇಲಿನ ಮನೆಯ ಬಾಡಿಗೆಯ ಹೆಂಗಸು ಕಿಸಕ್ಕೆಂದು ನಕ್ಕಳು. ‘ಬಾವಿಗೆ ನೀರು ಹಾಕೋದಾ?’ ‘ಮುಚ್ಕೊಂಡಿರೇ’ ಎಂದು ತಿಮ್ಮಕ್ಕ ಗದರಿದಳು. ಏಕಾಂತಯ್ಯನವರು ಅಕ್ಷಯಾಳನ್ನು ನಿಧಾನವಾಗಿ ಭುಜ ಹಿಡಿದು ಸರಿಸಿ, ಬಕೆಟ್ಟು ಇಳಿಸಿದರು. ಅದು ಕೆಳಗೆ ಸದ್ದಿಲ್ಲದೆ ಕೂತಿತು. ಮೇಲೆ ಬಂದಾಗ ಒಂದು ಬೊಗಸೆ ಕೆಸರಿತ್ತು, ಅದರಲ್ಲಿ ಒಂದು ಹಳದಿ ನುಗ್ಗೆ ಎಲೆ. ಬಕೆಟ್ಟಿನ ತಳದ ದಾರವನ್ನು ಅವರು ಬೆರಳಿಂದ ಹಿಡಿದು, ಅದು ಎಲ್ಲಿಂದ ಎಲ್ಲಿಗೆ ಕಟ್ಟಿದೆ ಎಂದು ನೋಡಿದರು.

‘ಪೂಜೆಗೂ ಇದೇನಾ?’

‘ಹೂಂ.’

ಬಂದಿದ್ದ ಜನರ ಎದುರಿಗೆ ಅವರು ಇನ್ನೇನೂ ಕೇಳಲಿಲ್ಲ. ಎಲೆಯನ್ನು ತೆಗೆದು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಹೆಂಗಸರು ಒಬ್ಬೊಬ್ಬರಾಗಿ ಹೊರಟರು. ಅವಳು ಅಲ್ಲೇ ನಿಂತಳು. ಈಗ ಫೋನು ತೆಗೆಯುತ್ತಾರೆ. ವಿಶಾಖಾ, ಬತ್ತಿತು ಕಣಮ್ಮ, ಬರ್ತೀವಿ ಅನ್ನುತ್ತಾರೆ. ಹಂಡೆಯನ್ನು ಯಾರಿಗಾದರೂ ಕೊಡುತ್ತಾರೆ, ಅವರೆ ಬೀಜದ ಮಡಕೆಯನ್ನೂ. ತನ್ನ ಬಟ್ಟೆ ಒಂದು ಚೀಲಕ್ಕೆ ಸಾಕು. ಹೊರಡುವುದು ಕಷ್ಟವಲ್ಲ, ಎಲ್ಲಿಗೆ ಎಂಬುದಷ್ಟೇ. ವಿಚಿತ್ರವೆಂದರೆ ತೋಳುಗಳು ಹಗುರಾಗಿದ್ದವು, ಇವತ್ತು ಮಧ್ಯಾಹ್ನ ಹೊರುವುದೇನೂ ಇಲ್ಲವೆಂದು ಅವಕ್ಕೆ ಆಗಲೇ ತಿಳಿದಂತಿತ್ತು. ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು. ‘ಇನ್ನೊಂದೆರಡು ದಿನ ತಡೀಬಾರ್ದಾಗಿತ್ತೇನೇ’ ಎಂದರು, ಬೈಗುಳವೋ ದುಃಖವೋ ತಿಳಿಯದ ಹಾಗೆ. ಒಳಗಿನಿಂದ ಫೋನಿನ ಮಾತು ಕೇಳಿಸಲಿಲ್ಲ.

ಆಮೇಲೆ ಓಣಿಯ ತುದಿಯಲ್ಲಿ ಟ್ಯಾಂಕರಿನ ಹಾರನ್ನು. ದೊಡ್ಡಪ್ಪ ಹೊರಗೆ ಬಂದರು. ಹೆಗಲ ಮೇಲೆ ಟವೆಲು, ಎರಡೂ ಕೈಯಲ್ಲಿ ಎರಡು ತಾಮ್ರದ ಬಿಂದಿಗೆ. ಅವಳ ಕಡೆ ನೋಡದೆ ಅವಳನ್ನು ದಾಟಿ, ಗೇಟು ದಾಟಿ ಹೋದರು. ಅವಳು ಉಳಿದ ಎರಡು ಬಿಂದಿಗೆ ಎತ್ತಿಕೊಂಡು ಹಿಂದೆಯೇ ಹೋದಳು. ಕರೆದದ್ದಕ್ಕಲ್ಲ, ಬೇಡ ಅನ್ನದ್ದಕ್ಕೆ. ಸಾಲಿನಲ್ಲಿ ಹದಿನೈದು ಇಪ್ಪತ್ತು ಜನ. ಏಕಾಂತಯ್ಯನವರು ಕಡೆಯಲ್ಲಿ ನಿಂತರು. ಅವರು ಸಾಲಿನಲ್ಲಿ ನಿಂತದ್ದನ್ನು ಅವಳು ನೋಡಿರಲೇ ಇಲ್ಲ. ಎಲ್ಲಿ ನಿಲ್ಲಬೇಕು, ಬಿಂದಿಗೆಯನ್ನು ನೆಲದ ಮೇಲಿಡಬೇಕೋ ಕೈಯಲ್ಲಿ ಹಿಡಿದಿರಬೇಕೋ ಅವರಿಗೆ ತಿಳಿಯಲಿಲ್ಲ.

‘ಮುಂದೆ ಬನ್ನಿ ಸಾವ್ಕಾರ್ರೇ, ನಿಮಗ್ಯಾವ ಕ್ಯೂ!’ ಎಂದು ತಿಮ್ಮಕ್ಕ ಕೂಗಿದಳು.

‘ಇರ್ಲಮ್ಮ. ಹಿಂದೆ ಬಂದೋನು ನಾನು.’

ಮುಂದಿನವರು ತಮ್ಮ ಬಿಂದಿಗೆಗಳನ್ನು ಕಾಲಿನಿಂದ ಒಂದು ಮಾರು ತಳ್ಳಿದರು. ಅವರು ನೋಡಿ, ಬಗ್ಗಿ ತಮ್ಮವೆರಡನ್ನೂ ಕೈಯಿಂದ ಎತ್ತಿ ಮುಂದಿಟ್ಟರು. ಬಿಸಿಲಿನ ಬೆವರಿಗೆ ವಿಭೂತಿ ಕರಗಿ ಹುಬ್ಬಿಗಿಳಿದಿತ್ತು. ಸ್ವಲ್ಪ ಹೊತ್ತಾದ ಮೇಲೆ ತಿರುಗದೆಯೇ ಕೇಳಿದರು.

‘ಮನೆಗೆ ದಿನಕ್ಕೆ ಎಷ್ಟು ಬೇಕು?’

‘ಹನ್ನೆರಡು ಬಿಂದಿಗೆ ದೊಡ್ಡಪ್ಪ. ಹಿತ್ತಲಿಗೆ ಬಿಟ್ಟು.’

‘ಹನ್ನೆರಡಾ?’ ಅವರು ಈಗ ತಿರುಗಿದರು. ಬಾಯಿ ಸ್ವಲ್ಪ ತೆರೆದೇ ಇತ್ತು. ತಮ್ಮ ಎರಡನ್ನೂ ಅವಳ ಎರಡನ್ನೂ ನೋಡಿದರು, ಆಮೇಲೆ ಅವಳ ತೋಳುಗಳನ್ನು. ‘ನಾನು ಮೂರೋ ನಾಲ್ಕೋ ಅಂದ್ಕೊಂಡಿದ್ದೆ. ಹನ್ನೊಂದು ವರ್ಷ ಎಲ್ಲರ ಹತ್ರಾನೂ ಅಷ್ಟೇ ಹೇಳ್ತಿದ್ದೆ.’

ಸಾಲು ಮತ್ತೆ ಸರಿಯಿತು.

‘ನಾಳೆಗೆ?’ ಎಂದರು.

ಅವಳಿಗೆ ಉತ್ತರ ಗೊತ್ತಿತ್ತು, ಆದರೂ ಒಂದು ಕ್ಷಣ ತಡೆದಳು, ಕೇಳಿದ್ದು ಸರಿಯಾಗಿ ಕೇಳಿಸಿತೇ ಎಂದು.

‘ನಾಳೆಗೂ ಹನ್ನೆರಡೇ ದೊಡ್ಡಪ್ಪ.’

ಅವರು ತಲೆಯಾಡಿಸಿ, ಮುಂದಿನವರು ಮಾಡಿದಂತೆಯೇ, ತಮ್ಮ ಬಿಂದಿಗೆಗಳನ್ನು ಕಾಲಿನಿಂದ ಮುಂದಕ್ಕೆ ತಳ್ಳಿದರು.